ಬೇವಿನೆಣ್ಣೆಯೂ ಅಹಿಂಸಾವ್ರತವೂ

ಒಕ್ಕಲುತನವನ್ನೂ ಅಹಿಂಸಾವ್ರತವನ್ನೂ ಒಂದೇ ಹೆಗಲ ಮೇಲೆ ಹೊತ್ತು ನಡೆಯುವ ಜನಸಮುದಾಯಗಳು ಭರತಖಂಡದಲ್ಲಿ ಬಹಳವಿಲ್ಲ. ಜೈನರೆಂದೊಡನೆ ಅನ್ಯ ಪ್ರಾಂತಗಳ ಜನರಿಗೆ ವರ್ತಕರ ಪೇಟೆ ನೆನಪಾಗುತ್ತದೆಯೇ ಹೊರತು ಉತ್ತ ಹೊಲ ನೆನಪಾಗುವುದಿಲ್ಲ. ಆದರೆ ಘಟಪ್ರಭಾ, ಹಿರಣ್ಯಕೇಶಿ, ವೇದಗಂಗಾ, ದೂಧಗಂಗಾ ನದಿಗಳು ಹರಿಯುವ ಬೆಳಗಾವಿ ಸೀಮೆಯಲ್ಲಿ ಚತುರ್ಥರೆಂದು ಹೆಸರಾದ ಜೈನರು ತಲೆತಲಾಂತರದಿಂದ ನೇಗಿಲನ್ನೇ ನಂಬಿ ಬಾಳಿದವರು. ಹುಕ್ಕೇರಿ ತಾಲೂಕಿನಲ್ಲಿ, ಸಂಕೇಶ್ವರವನ್ನು ದಾಟಿ ನಿಪ್ಪಾಣಿಯ ಕಡೆಗೆ ಹೆದ್ದಾರಿಯಲ್ಲಿ ಸಾಗುವಾಗ ಸಿಗುವ ಕಣಗಲಾ ಗ್ರಾಮದ ಆಸುಪಾಸಿನ ನೆಲವು ಅಂಥದು: ಒಂದು ಕಡೆ ನಿಪ್ಪಾಣಿಯ ಬೀಡಿ ತಂಬಾಕು, ಇನ್ನೊಂದು ಕಡೆ ಸಂಕೇಶ್ವರದ ಹೆಸರುವಾಸಿಯಾದ ಮೆಣಸಿನಕಾಯಿ, ನಡುವೆ ಕಬ್ಬು, ಸೋಯಾ, ಶೇಂಗಾ, ಜೋಳ, ಬದುವಿನ ಮೇಲೆ ಬೇವು, ಹಳ್ಳದ ದಂಡೆಗೆ ಲಕ್ಕಿ, ಬೇಲಿಯಲ್ಲಿ ಎಕ್ಕ. ಕೀಟಗಳನ್ನು ತಡೆಯಬಲ್ಲ ಸಸ್ಯಗಳು ಯಾವುವೆಂದು ಶಾಸ್ತ್ರಜ್ಞರು ಪಟ್ಟಿ ಮಾಡುತ್ತಾರಲ್ಲ, ಅವುಗಳಲ್ಲಿ ಹಲವು ಇಲ್ಲಿ ಕರೆಯುವಷ್ಟು ದೂರದಲ್ಲಿಯೇ ಇವೆ.

ಆ ಸೀಮೆಯ ವೃದ್ಧ ಕೃಷಿಕರೊಬ್ಬರು, ಸೂರ್ಯಾಸ್ತವಾದ ಮೇಲೆ ಅನ್ನ ಮುಟ್ಟದ, ನೀರನ್ನು ಸೋಸದೆ ಕುಡಿಯದ ನಿಷ್ಠಾವಂತರು, ಒಮ್ಮೆ ನನ್ನನ್ನು ಕೇಳಿದರು: “ಅಂಗಡಿ ಎಣ್ಣಿ ಬಿಟ್ಟು ಬೇವಿನ ಎಣ್ಣಿ ಹೊಡದ್ರ ಪಾಪ ಕಡಿಮಿ ಆಗತೈತೇನ್ರಿ, ಸರ?” ಔಷಧಿಯೆಂದು ನಗರದವರು ಕರೆಯುವುದನ್ನು ಆ ಕಡೆಯ ರೈತರು ಎಣ್ಣಿ ಎಂದೇ ಕರೆಯುತ್ತಾರೆ. “ಹಂಗ ಲಗೂನ ಹೇಳಾಕ ಬರೂದಿಲ್ರಿ, ಕಾಕಾ” ಎಂದೆ. ಆ ಉತ್ತರವು ಅವರಿಗೆ ಸಾಲದಾಯಿತು, ನನಗೂ ಸಾಲದಾಯಿತು. ಪ್ರಶ್ನೆಯು ನೋಡಲು ಸಣ್ಣದಾದರೂ ಅದರೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಕೊಲ್ಲುವ ವಸ್ತುವು ಪ್ರಕೃತಿಯಿಂದ ಬಂದದ್ದೆಂಬ ಮಾತ್ರದಿಂದ ಕೊಲ್ಲುವ ಕರ್ಮವು ಹಗುರಾಗುತ್ತದೆಯೇ? ಹಗುರಾಗದಿದ್ದಲ್ಲಿ, ಬೇವನ್ನು ಆರಿಸಿಕೊಂಡವನೂ ಘೋರ ವಿಷವನ್ನು ಆರಿಸಿಕೊಂಡವನೂ ಧರ್ಮದ ದೃಷ್ಟಿಯಲ್ಲಿ ಸಮಾನರೇ?

ಒಕ್ಕಲುತನದಲ್ಲಿ ಹಿಂಸೆಯುಂಟೆಂಬುದನ್ನು ನಮ್ಮ ಪೂರ್ವಿಕರು ಯಾರೂ ಮರೆಮಾಚಿದವರಲ್ಲ. ಕಬ್ಬಿಣದ ಮೊನೆಯುಳ್ಳ ನೇಗಿಲು ಭೂಮಿಯನ್ನೂ ಭೂಮಿಯೊಳಗಿನ ಪ್ರಾಣಿಗಳನ್ನೂ ಘಾತಿಸುತ್ತದೆಂದು ಹೇಳಿ ಮನುಸ್ಮೃತಿಯು ಕೃಷಿಯನ್ನು ಬ್ರಾಹ್ಮಣನಿಗೆ ಯೋಗ್ಯವಲ್ಲವೆಂದಿತು. ಅದೇ ಗ್ರಂಥವು ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಎಂಬ ಐದನ್ನು ಗೃಹಸ್ಥನ ಮನೆಯಲ್ಲಿರುವ ಐದು ವಧಸ್ಥಾನಗಳೆಂದು ಎಣಿಸಿತು. ಉಣ್ಣುವುದನ್ನು ಮಾತ್ರ ತನಗಿಟ್ಟುಕೊಂಡು ಉಳುವ ಪಾಪವನ್ನು ಇನ್ನೊಬ್ಬನ ತಲೆಗೆ ಕಟ್ಟುವ ಈ ವ್ಯವಸ್ಥೆಯು ನನಗೆ ನ್ಯಾಯವೆನಿಸುವುದಿಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ಧರ್ಮವ್ಯಾಧನ ನಿಲುವು ಇದಕ್ಕಿಂತ ದೊಡ್ಡದು. ಮಿಥಿಲೆಯ ಆ ಮಾಂಸವಿಕ್ರಯಿಯು ತಪಸ್ವಿಯಾದ ಕೌಶಿಕನಿಗೆ, ಉಳುವವನು ನೆಲದೊಳಗಿನ ಜೀವಗಳನ್ನು ಕೊಲ್ಲುತ್ತಾನೆ, ಬೀಜವೂ ಜೀವವೇ, ನಡೆಯುವವನ ಕಾಲಡಿಯಲ್ಲಿಯೂ ಜೀವಗಳಿವೆ, ಹೀಗಿರುವಲ್ಲಿ ಸರ್ವಥಾ ಹಿಂಸೆ ಮಾಡದವನು ಯಾವನು ಎಂದು ಕೇಳಿ, ಯತಿಗಳು ಕೂಡ ಅದರಿಂದ ಪೂರ್ಣವಾಗಿ ಬಿಡುಗಡೆ ಹೊಂದಿದವರಲ್ಲ, ಪ್ರಯತ್ನದಿಂದ ಅದನ್ನು ಕಡಿಮೆ ಮಾಡಿಕೊಂಡವರು ಮಾತ್ರ ಎಂಬ ತಾತ್ಪರ್ಯವನ್ನು ಬೋಧಿಸುತ್ತಾನೆ. ಹಿಂಸೆಗೆ ಪ್ರಮಾಣವುಂಟು, ಆ ಪ್ರಮಾಣವು ಮನುಷ್ಯನ ಯತ್ನಕ್ಕೆ ಅಧೀನವೆಂಬ ಈ ತತ್ತ್ವವೇ ಗೃಹಸ್ಥನಿಗೆ ಉಳಿದಿರುವ ಆಧಾರ.

ಜೈನಶಾಸ್ತ್ರವು ಇದನ್ನೇ ಹೆಚ್ಚು ಸೂಕ್ಷ್ಮವಾಗಿ ವಿಭಾಗಿಸಿದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ; ಅಡಿಗೆ, ಗುಡಿಸುವಿಕೆ ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ; ಜೀವನೋಪಾಯದ ವೃತ್ತಿಯಲ್ಲಿ ಆಗುವುದು ಉದ್ಯೋಗೀ; ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ. ಮೊದಲನೆಯದನ್ನು ಶ್ರಾವಕನು, ಎಂದರೆ ಗೃಹಸ್ಥನಾದ ಜೈನನು, ಬಿಡಲೇಬೇಕು; ಉಳಿದ ಮೂರನ್ನು ಶಕ್ತಿಯಿದ್ದಷ್ಟು ಕುಗ್ಗಿಸುತ್ತ ಬರಬೇಕು. ಕೃಷಿಯನ್ನು ಮನುಷ್ಯರಿಗೆ ಕಲಿಸಿದವನು ಆದಿತೀರ್ಥಂಕರನಾದ ವೃಷಭನಾಥನೇ ಎಂದು ಪುರಾಣವು ಹೇಳುವುದರಿಂದ ನೇಗಿಲಿಗೆ ಅಲ್ಲಿ ಕಳಂಕವಿಲ್ಲ. ಆದರೆ ಅದೇ ಸಂಪ್ರದಾಯದ ಶ್ರಾವಕಾಚಾರ ಗ್ರಂಥಗಳು ಬಿಡತಕ್ಕ ವೃತ್ತಿಗಳನ್ನು ಎಣಿಸುವಾಗ ವಿಷವಾಣಿಜ್ಯವನ್ನೂ ಹೆಸರಿಸುತ್ತವೆ. ಹೊಲಕ್ಕೆ ಎಣ್ಣೆ ಹೊಡೆಯುವ ರೈತನು ಈ ಎರಡರ ನಡುವೆ ನಿಂತಿದ್ದಾನೆ. ಅವನು ಬೆಳೆಯನ್ನು ಕಾಯುವ ವಿರೋಧಿಯೋ, ಹುಳುವನ್ನು ಉದ್ದೇಶಿಸಿ ಕೊಲ್ಲುವ ಸಂಕಲ್ಪಿಯೋ? ನೇಗಿಲಿಗೆ ಸಿಕ್ಕ ಎರೆಹುಳುವನ್ನು ಅವನು ಬಯಸಿ ಕೊಲ್ಲಲಿಲ್ಲ. ಸೋಯಾದ ಎಲೆಯ ಮೇಲಿನ ಕೀಡಿಯನ್ನಾದರೋ ನೋಡಿ, ಗುರುತಿಸಿ, ಅದಕ್ಕೆಂದೇ ಪಂಪನ್ನು ಬೆನ್ನಿಗೇರಿಸಿದನು. ಈ ಭೇದವನ್ನು ಮಾತಿನ ಜಾಣತನದಿಂದ ಅಳಿಸಲಾಗದು.

ಇದೇ ಸೀಮೆಯ ಭೋಜ ಗ್ರಾಮದ ರೈತಮನೆತನದಲ್ಲಿ ಬೆಳೆದು ಮುಂದೆ ದಿಗಂಬರ ಮುನಿಪರಂಪರೆಯನ್ನು ಈ ಯುಗದಲ್ಲಿ ಪುನಃ ಜೀವಂತಗೊಳಿಸಿದ ಆಚಾರ್ಯ ಶಾಂತಿಸಾಗರರು (1872–1955) ಪೂರ್ವಾಶ್ರಮದಲ್ಲಿ ಹೊಲ ಕಾಯಲು ಹೋದಾಗ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಡುತ್ತಿದ್ದರೆಂದು ಭಕ್ತಜನರು ಇಂದಿಗೂ ಹೇಳುತ್ತಾರೆ. ಆ ಕಥೆಯನ್ನು ಕೇಳಿ ಕಣ್ತುಂಬಿಕೊಳ್ಳದ ಮುದುಕರು ಆ ಕಡೆಯಲ್ಲಿ ವಿರಳ. ಆದರೆ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದ ಆ ಮಹಾತ್ಮರ ಮಾರ್ಗವು ಮಕ್ಕಳ ಮದುವೆ, ಸೊಸಾಯಿಟಿಯ ಸಾಲ, ಕಬ್ಬಿನ ಬಾಕಿ ಇವುಗಳನ್ನು ಹೊತ್ತವನಿಗೆ ಅನುಕರಣೀಯವಾದೀತೇ? ಮಹಾವ್ರತವು ಮುನಿಗೆ, ಅಣುವ್ರತವು ಗೃಹಸ್ಥನಿಗೆ ಎಂದು ಶಾಸ್ತ್ರವು ಎರಡು ಅಳತೆಗಳನ್ನಿಟ್ಟದ್ದು ಕರುಣೆಯಿಂದಲೇ. ನಾವು ಕೇಳಬೇಕಾದುದು ಅಣುವ್ರತಿಯ ಹೊಲದ ಮಾತು.

ಇನ್ನು ಬೇವಿನ ವಿಚಾರ. 1962ರಲ್ಲಿ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನರೂ ಅವರ ಸಹೋದ್ಯೋಗಿಗಳೂ, ಬೇವಿನ ಬೀಜದ ತಿರುಳನ್ನು ಅರೆದು ನೀರಿನಲ್ಲಿ ಕದಡಿ ಪೈರಿಗೆ ಸಿಂಪಡಿಸಿದಾಗ, ಮಿಡತೆಯ ದಂಡು ಆ ಪೈರಿನ ಮೇಲೆ ಇಳಿದರೂ ತಿನ್ನದೆ ಹೋದುದನ್ನು ಕಂಡರು. 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬ ವಿಜ್ಞಾನಿಗಳು ಅದಕ್ಕೆ ಕಾರಣವಾದ ಅಜಾಡಿರಾಕ್ಟಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದರ ಕ್ರಿಯೆ ಎರಡು ಬಗೆಯದು. ಕೀಡಿಯ ಬಾಯಿಯ ಬಳಿ ರುಚಿಯನ್ನರಿಯುವ ಸೂಕ್ಷ್ಮ ಕೂದಲುಗಳುಂಟು. ಈ ದ್ರವ್ಯವು ಅಲ್ಲಿ ತಗುಲಿದೊಡನೆ ಅನೇಕ ಜಾತಿಯ ಹುಳುಗಳಿಗೆ ಎಲೆಯು ತಿನ್ನತಕ್ಕದ್ದಲ್ಲವೆಂದು ತೋರಿ, ಅವು ಎಲೆಯಿಂದ ಬಾಯಿಯನ್ನು ಹಿಂತೆಗೆದುಬಿಡುತ್ತವೆ. ಕ್ರಿಮಿಗೆ ಸ್ಪರ್ಶ, ರಸನ ಎಂಬ ಎರಡು ಇಂದ್ರಿಯಗಳೆಂದೂ, ಇರುವೆಗೆ ಘ್ರಾಣವು ಸೇರಿ ಮೂರೆಂದೂ, ದುಂಬಿಗೆ ಕಣ್ಣು ಕೂಡಿ ನಾಲ್ಕೆಂದೂ ಎಣಿಸಿದ ಜೈನಾಚಾರ್ಯರಿಗೆ ಈ ಸಂಗತಿಯು ಪ್ರಿಯವಾಗುತ್ತಿದ್ದಿತು: ಜೀವಿಯನ್ನು ಕೊಲ್ಲದೆ ಅದರ ರಸನೇಂದ್ರಿಯಕ್ಕೆ ಒಂದು ನಿಷೇಧವನ್ನು ತಿಳಿಸಿ ಕಳುಹಿಸುವ ಉಪಾಯ! ಇಷ್ಟೇ ಆಗಿದ್ದರೆ ನನ್ನ ವೃದ್ಧಮಿತ್ರರಿಗೆ ಸಂತೋಷದಿಂದ “ಹೌದು” ಎನ್ನಬಹುದಾಗಿತ್ತು.

ಇಷ್ಟೇ ಅಲ್ಲ. ರುಚಿಯ ತಡೆಯನ್ನು ಮೀರಿ ತಿಂದ ಮರಿಹುಳುವಿನ ದೇಹದಲ್ಲಿ ಆ ದ್ರವ್ಯವು ಪೊರೆ ಕಳಚುವ ಚೋದಕವನ್ನು ಕೆಡಿಸುತ್ತದೆ. ಹುಳುವು ಹಳೆಯ ಚರ್ಮವನ್ನು ಬಿಡಲಾರದೆ, ಹೊಸದರೊಳಗೆ ಹೋಗಲಾರದೆ, ಮೇವು ಬಿಟ್ಟು ಕೆಲವು ದಿನಗಳಲ್ಲಿ ಸಾಯುತ್ತದೆ. ಅಂಗಡಿಯ ತೀಕ್ಷ್ಣ ವಿಷವು ಗಳಿಗೆಗಳಲ್ಲಿ ಮುಗಿಸುವುದನ್ನು ಬೇವು ದಿನಗಟ್ಟಲೆ ಎಳೆಯುತ್ತದೆ. ಸಾವಿನ ಈ ನಿಧಾನವನ್ನು ಸೌಮ್ಯತೆಯೆಂದು ಕರೆಯುವುದು ಹುಳುವಿನ ಪಕ್ಷದಿಂದ ನೋಡಿದರೆ ಸತ್ಯವಲ್ಲ. ಆದುದರಿಂದ ಬೇವಿನ ಎಣ್ಣೆಯು ಅಹಿಂಸೆಯ ಎಣ್ಣೆ ಎಂಬ ಪ್ರಚಾರವನ್ನು ನಾನು ಒಪ್ಪಲಾರೆ. ಮನುಷ್ಯರಿಗೂ ಅದು ನಿರಪಾಯವಲ್ಲ: ಮಾತೆಯರು ಪವಿತ್ರವೆಂದು ನಂಬಿ ಕೂಸುಗಳಿಗೆ ಕುಡಿಸಿದ ಬೇವಿನೆಣ್ಣೆಯಿಂದ ಕೂಸುಗಳು ಮೂರ್ಛೆಗೊಂಡು ಸತ್ತ ಪ್ರಕರಣಗಳು ವೈದ್ಯರ ಬರಹಗಳಲ್ಲಿ ದಾಖಲಾಗಿವೆ.

ಸಸ್ಯಜನ್ಯವಾದುದೆಲ್ಲ ನಿರಪಾಯವೆಂಬ ನಂಬಿಕೆಯನ್ನು ಖಂಡಿಸಲು ನಿಪ್ಪಾಣಿಯ ತಂಬಾಕಿಗಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಅರ್ಧ ಕಿಲೋ ತಂಬಾಕಿನ ಕಸವನ್ನು ನಾಲ್ಕೂವರೆ ಲೀಟರು ನೀರಿನಲ್ಲಿ ಒಂದು ದಿನ ನೆನೆಸಿ, ಸೋಸಿ, ಸಾಬೂನು ಕರಗಿಸಿ, ಆರೇಳು ಪಟ್ಟು ನೀರು ಬೆರೆಸಿ ಮೆತ್ತನೆಯ ಮೈಯ ಸಸ್ಯಹೇನುಗಳಿಗೆ ಸಿಂಪಡಿಸುವ ಕಷಾಯವು ಹಳೆಯ ಕಾಲದಿಂದ ಬಂದದ್ದು. ಈಚಿನ ನೈಸರ್ಗಿಕ ಕೃಷಿಯ ಪ್ರಚಾರಕರು ಹೇಳಿಕೊಡುವ ಅಗ್ನಿಅಸ್ತ್ರವೆಂಬ ಕಷಾಯದಲ್ಲಿಯೂ ಗೋಮೂತ್ರ, ಬೇವು, ಬೆಳ್ಳುಳ್ಳಿಗಳ ಜೊತೆಗೆ ತಂಬಾಕೂ ಹಸಿಮೆಣಸಿನಕಾಯಿಯೂ ಸೇರುತ್ತವೆ. ಆದರೆ ತಂಬಾಕಿನೊಳಗಿನ ನಿಕೋಟಿನ್ ಕೀಟದ ನರವನ್ನು ಹೇಗೆ ಹಿಡಿಯುತ್ತದೆಯೋ ಮನುಷ್ಯನ ನರವನ್ನೂ ಹಾಗೆಯೇ ಹಿಡಿಯಬಲ್ಲದು. ಇಬ್ಬನಿಯಲ್ಲಿ ತೊಯ್ದ ಎಲೆಯನ್ನು ಬರಿಗೈಯಿಂದ ಮುರಿಯುವವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ನಿಕೋಟಿನ್ ಸಲ್ಫೇಟನ್ನು ನಮ್ಮ ದೇಶದೊಳಗೆ ಕೀಟನಾಶಕವಾಗಿ ಬಳಸುವುದನ್ನು ಸರಕಾರವೇ ನಿಷೇಧಿಸಿದೆ. ಅದರ ನರಕ್ರಿಯೆಯನ್ನೇ ಅನುಸರಿಸುವ ನಿಯೋನಿಕೋಟಿನಾಯ್ಡ್ ಎಂಬ ಕೃತಕ ವಿಷಗಳು ಜೇನ್ನೊಣಗಳಿಗೆ ಮಾಡುವ ಹಾನಿಯನ್ನು ಕಂಡು ಐರೋಪ್ಯ ಒಕ್ಕೂಟವು 2018ರಲ್ಲಿ ಅವುಗಳಲ್ಲಿ ಮೂರನ್ನು ಬಯಲಿನಲ್ಲಿ ಬಳಸಬಾರದೆಂದು ತಡೆಯಿತು. ಶಿವನ ಮುಡಿಗೆ ನಾವು ಭಕ್ತಿಯಿಂದ ಏರಿಸುವ ಕಣಗಿಲೆಯ ಗಿಡವೂ ಹೃದಯವನ್ನು ನಿಲ್ಲಿಸಬಲ್ಲ ವಿಷವೇ ಅಲ್ಲವೆ!

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಹೇಳಬೇಕು. ಇಷ್ಟು ವಿಷವುಳ್ಳ ತಂಬಾಕಿನ ಸಸಿಯನ್ನೂ ತಿಂದು ಜೀರ್ಣಿಸಿಕೊಳ್ಳಬಲ್ಲ ಕೀಡಿಯೊಂದುಂಟು. ಸೋಯಾವನ್ನು ಜರಡಿ ಮಾಡಿ ಬಿಡುವ ಸ್ಪೊಡೋಪ್ಟೆರಾ ಲಿಟುರಾ ಎಂಬುದು ಅದೇ. ರಾಜಮಹೇಂದ್ರಿಯ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯವರು ಸಸಿಮಡಿಗಳಲ್ಲಿ ಆ ಕೀಡಿಯನ್ನು ತಡೆಯಲು ಕಂಡ ಉಪಾಯವು ಬೇವಿನ ಬೀಜದ ಕಷಾಯ. ಸಸ್ಯವು ಓಡಲಾರದ, ಕೂಗಲಾರದ ಏಕೇಂದ್ರಿಯ ಜೀವಿ. ಕಹಿ, ಖಾರ, ಗಂಧಗಳು ಅದರ ಆತ್ಮರಕ್ಷಣೆ. ಒಂದು ಸಸ್ಯದ ರಕ್ಷಣೆಯನ್ನು ಹಿಂಡಿ ತೆಗೆದು ಇನ್ನೊಂದು ಸಸ್ಯಕ್ಕೆ ತೊಡಿಸುವುದೇ ಈ ಕಷಾಯಗಳ ರಹಸ್ಯ. ಆದರೆ ಬೇವಿನ ಮರವು ತನ್ನ ಕಹಿಯನ್ನು ತನಗೆ ಬೇಕಾದಷ್ಟೇ ಮಾಡಿಕೊಂಡಿತ್ತು. ಹೊಲದ ಉದ್ದಗಲಕ್ಕೂ ಅದನ್ನು ಹರಡುವ ಹೊಣೆಯು ಮರದ್ದಲ್ಲ, ಮನುಷ್ಯನದು.

ಸುಗಂಧ ತೈಲಗಳ ಪ್ರಕರಣವು ಇದಕ್ಕಿಂತ ಸೂಕ್ಷ್ಮ. ಮಜ್ಜಿಗೆಹುಲ್ಲು, ನೀಲಗಿರಿ, ಲವಂಗ, ಓಮ, ತುಳಸಿ ಇವುಗಳಿಂದ ಆವಿಯ ಮೂಲಕ ಇಳಿಸುವ ಎಣ್ಣೆಗಳು ಕೀಟಕ್ಕೆ ಮೊದಲು ವಾಸನೆಯಾಗಿ ತಾಗುತ್ತವೆ. ಬಹುಪಾಲು ಕೀಟಗಳು ದೂರ ಸರಿಯುತ್ತವೆ. ಹೆಚ್ಚು ಪ್ರಮಾಣದಲ್ಲಿ ಸಿಕ್ಕಿದವು ನರಗಳು ತತ್ತರಿಸಿ ಸಾಯುತ್ತವೆ. ಕೀಟಗಳ ನರಮಂಡಲದಲ್ಲಿ ಮುಖ್ಯವಾದ, ನಮ್ಮಲ್ಲಿ ಅಂಥ ಪಾತ್ರವಿಲ್ಲದ ಆಕ್ಟೋಪಮಿನ್ ಎಂಬ ದ್ರವ್ಯದ ವ್ಯವಹಾರವನ್ನು ಈ ಎಣ್ಣೆಗಳಲ್ಲಿ ಕೆಲವು ಕೆಡಿಸುವುದರಿಂದ ಮನುಷ್ಯರಿಗೆ ಅಪಾಯ ಕಡಿಮೆ. ಬಿಸಿಲು ಗಾಳಿಗಳಿಗೆ ಅವು ಬೇಗನೆ ಆರಿಹೋಗುತ್ತವೆ. ಆದರೆ ಗಂಧವು ಓಡಿಸುವುದಷ್ಟೇ ಅಲ್ಲ, ಕರೆಯುವುದೂ ಉಂಟು. ತುಳಸಿಯಲ್ಲಿರುವ ಮೀಥೈಲ್ ಯೂಜಿನಾಲ್ ಎಂಬ ಗಂಧಕ್ಕೆ ಮಾವಿನ ಹಣ್ಣಿನ ನೊಣದ ಗಂಡುಗಳು ಮರುಳಾಗಿ ಬರುತ್ತವೆ; ತೋಟಗಾರರು ಅದನ್ನು ಬಲೆಯ ಡಬ್ಬಿಯಲ್ಲಿಟ್ಟು, ಒಳಹೊಕ್ಕವು ಹೊರಬರದಂತೆ ಮಾಡುತ್ತಾರೆ. ಮರಕ್ಕೆಲ್ಲ ವಿಷವೆರಚುವುದಕ್ಕಿಂತ ಇದು ನೂರು ಪಾಲು ಮೇಲು. ಬೇರೆ ಜೀವಿಗಳಿಗೆ ಬಹುಮಟ್ಟಿಗೆ ಪೆಟ್ಟಿಲ್ಲ. ಆದರೂ ವೃಂದಾವನದ ಮುಂದೆ ದೀಪವಿಡುವ ಮನೆಯವನೇ ಆ ಗಿಡದ ಗಂಧವನ್ನು ವಂಚನೆಗೆ ಬಳಸುವಾಗ ಮನಸ್ಸು ಅಳುಕಿದರೆ, ಆ ಅಳುಕನ್ನು ಮೌಢ್ಯವೆಂದು ತಳ್ಳಿಹಾಕುವವನು ನಾನಲ್ಲ. ಅದು ಇರಬೇಕು.

ಹಾಗಾದರೆ ಎಲ್ಲವೂ ಹಿಂಸೆಯೇ ಆದ ಮೇಲೆ ಬೇವಾದರೇನು, ಅಂಗಡಿಯ ಶೀಶೆಯಾದರೇನು ಎಂಬ ವಾದವು ಏಳುತ್ತದೆ. ಅದು ಅಪಾಯಕರವಾದ ವಾದ. ಕಾಸರಗೋಡಿನ ಕನ್ನಡನಾಡು ಅದಕ್ಕೆ ಉತ್ತರ ಕೊಟ್ಟಿದೆ. ಎಣ್ಮಕಜೆಯ ಪಡ್ರೆ ಮೊದಲಾದ ಹಳ್ಳಿಗಳ ಮೇಲಿನ ಗುಡ್ಡಗಳಲ್ಲಿದ್ದ ಗೇರುತೋಟಗಳಿಗೆ, ಚಿಗುರು ಹೀರುವ ಒಂದು ತಿಗಣೆಯನ್ನು ಕೊಲ್ಲಲೆಂದು, ಎಪ್ಪತ್ತರ ದಶಕದಿಂದ 2000ದವರೆಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸುರಿಯಲಾಯಿತು. ತಿಗಣೆಗೆಂದು ಸುರಿದುದು ಸುರಂಗದ ನೀರಿಗೆ ಇಳಿಯಿತು, ಜೇನುಗೂಡಿಗೆ ಇಳಿಯಿತು, ಅಲ್ಲಿಯ ಜನರು ಇಂದಿಗೂ ದುಃಖದಿಂದ ಹೇಳುವಂತೆ ಗರ್ಭದೊಳಗಿನ ಶಿಶುವಿಗೂ ಇಳಿಯಿತು. ದೇಶದಲ್ಲಿ ಅದು ನಿಲ್ಲಲು 2011ರ ಸುಪ್ರೀಂ ಕೋರ್ಟಿನ ಆಜ್ಞೆಯೇ ಬೇಕಾಯಿತು. ಎತ್ತರದಲ್ಲಿ ಹಾರುವವನಿಗೆ ಕೆಳಗಿನ ತಿಗಣೆಯೂ ಕಾಣದು, ಕೂಸೂ ಕಾಣದು. ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಂದಿಗೆ ಪ್ರಮಾದವನ್ನೂ, ಎಂದರೆ ಎಚ್ಚರವಿಲ್ಲದ ಚಿತ್ತವನ್ನೂ ಸೇರಿಸಿದುದರ ಗಾಂಭೀರ್ಯವು ಇಲ್ಲಿ ತಿಳಿಯುತ್ತದೆ.

ಬೇವಿನ ಶ್ರೇಷ್ಠತೆ ಇರುವುದು ಈ ಎಚ್ಚರವನ್ನು ಅದು ಬಲವಂತವಾಗಿ ಬೇಡುವುದರಲ್ಲಿ. ಐದು ಕಿಲೋ ತಿರುಳಿನ ಪುಡಿಯನ್ನು ಅರಿವೆಯಲ್ಲಿ ಕಟ್ಟಿ, ರಾತ್ರಿಯೆಲ್ಲ ನೆನೆಯಿಟ್ಟು, ಹಿಂಡಿ, ನೂರು ಲೀಟರು ನೀರಿಗೆ ಕೂಡಿಸಿದ ಕಷಾಯವು ಬಿಸಿಲಿಗೆ ಬಹುದಿನ ನಿಲ್ಲದು. ಆದುದರಿಂದ ಸಂಜೆಯ ಹೊತ್ತಿನಲ್ಲಿಯೇ ಸಿಂಪಡಿಸಬೇಕು. ಎಳೆಯ ಹುಳುವಿಗೆ ನಾಟಿದಷ್ಟು ಬಲಿತ ಹುಳುವಿಗೆ ನಾಟದು. ಆದುದರಿಂದ ತತ್ತಿಯಿಟ್ಟ ದಿನಗಳಿಂದಲೇ ಎಲೆಯ ಅಡಿಯನ್ನು ತಿರುವಿ ನೋಡುತ್ತಿರಬೇಕು. ಎಲೆಯನ್ನು ತಿಂದವನಿಗೇ ಹೆಚ್ಚಾಗಿ ತಾಗುವುದರಿಂದ ಜೇನ್ನೊಣವೂ, ಹೇನು ತಿನ್ನುವ ಗುಲಗಂಜಿ ಹುಳುವೂ ಬಹುಮಟ್ಟಿಗೆ ಪಾರಾಗುತ್ತವೆ. ಅಂಗಡಿಯ ವಿಷವು ಹೊಲವನ್ನು ನೋಡದವನಿಗೂ ಫಲ ಕೊಡುತ್ತದೆ. ಬೇವು ಹೊಲವನ್ನು ನೋಡದವನಿಗೆ ಫಲ ಕೊಡದು. ಕೀಟಶಾಸ್ತ್ರದಲ್ಲಿ ಆರ್ಥಿಕ ಹಾನಿಯ ಮಟ್ಟ ಎಂಬುದೊಂದುಂಟು. 1959ರಲ್ಲಿ ಕ್ಯಾಲಿಫೋರ್ನಿಯದ ಕೀಟಶಾಸ್ತ್ರಜ್ಞರು ಅದನ್ನು ನಿರೂಪಿಸಿದರು: ಕೀಟವು ಮಾಡುವ ನಷ್ಟವು ಸಿಂಪಡಣೆಯ ಖರ್ಚನ್ನು ಮೀರುವವರೆಗೂ ಕೈ ಎತ್ತಬೇಡ, ಎಣಿಸು, ಸಹಿಸು. ಅವರು ಲೆಕ್ಕದಿಂದ ಹೇಳಿದ ಈ ಸಹನೆಯನ್ನು ವ್ರತಿಯು ಶ್ರದ್ಧೆಯಿಂದ ಆಚರಿಸಬಹುದು. ಕಡಲೆಯ ಸಾಲಿನಲ್ಲಿ ಮೀಟರಿಗೆ ಒಂದು ಕಾಯಿಕೊರಕವನ್ನು ಕಾಣುವವರೆಗೆ ತಡೆದು ನಿಲ್ಲುವವನು ಆ ನಡುವಿನ ಹುಳುಗಳಿಗೆಲ್ಲ ಅಭಯವನ್ನಿತ್ತವನು.

ಹುಳುವಿಗೂ ಹಕ್ಕಿಗೂ ಬೆಳೆಯಲ್ಲಿ ಒಂದು ಪಾಲಿದೆಯೆಂಬ ಭಾವನೆ ನಮ್ಮ ಉತ್ತರ ಕರ್ನಾಟಕದಲ್ಲಿ ಜೈನರಿಗಷ್ಟೇ ಸೇರಿದ್ದಲ್ಲ. ಸೀಗೀ ಹುಣ್ಣಿಮೆಯಂದೂ ಎಳ್ಳಮಾವಾಸ್ಯೆಯಂದೂ ಲಿಂಗಾಯತರಾದಿಯಾಗಿ ಎಲ್ಲ ಒಕ್ಕಲಿಗರೂ ಬುಟ್ಟಿಯಲ್ಲಿ ಕಡುಬು, ಹೋಳಿಗೆ, ಸಜ್ಜೆರೊಟ್ಟಿ, ಪುಂಡಿಪಲ್ಲೆ ಹೊತ್ತು ಹೊಲಕ್ಕೆ ಹೋಗಿ, ಬೆಳೆಯ ನಡುವೆ ನಾಲ್ಕು ದಿಕ್ಕಿಗೂ ಚರಗ ಚೆಲ್ಲುತ್ತಾರೆ. ಭೂತಾಯಿಗೆ ಮಾಡುವ ಆ ನೈವೇದ್ಯವನ್ನು ನಿಜವಾಗಿ ಉಣ್ಣುವವರು ಇರುವೆ, ಹುಳು, ಗುಬ್ಬಿಗಳು. ಪಾಲನ್ನು ಕೊಟ್ಟ ಮೇಲೆಯೇ ತನ್ನ ಪಾಲನ್ನು ಕಾಯುವ ಅಧಿಕಾರವು ರೈತನಿಗೆ ಬರುತ್ತದೆಂದು ನಾನು ಭಾವಿಸುತ್ತೇನೆ. ವಿರೋಧೀ ಹಿಂಸೆಗೆ ಶಾಸ್ತ್ರವು ಕೊಟ್ಟ ವಿನಾಯಿತಿಯ ಹಿಂದೆಯೂ ಇಂಥದೇ ನ್ಯಾಯವಿರಬೇಕು.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವವು ಮುಗಿದೊಡನೆ ಕ್ಷಮಾವಣಿ ಬರುತ್ತದೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಕಲ ಜೀವಿಗಳಲ್ಲಿ ಆ ದಿನ ಕ್ಷಮೆ ಬೇಡುತ್ತಾರೆ. ಸೋಯಾದ ಮೇಲೆ ಕೀಡಿಗಳ ಹಾವಳಿಯೂ ಅದೇ ದಿನಗಳಲ್ಲಿ. ಮುಂಜಾನೆ ಕೈಮುಗಿದು ಕ್ಷಮೆ ಬೇಡಿದವನು ಸಂಜೆ ಪಂಪು ಹೊರಬೇಕಾದ ಸಂಕಟವನ್ನು ಆ ವೃದ್ಧರು ಅನುಭವಿಸಿ ಬಲ್ಲವರು. ಅವರ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ. ಅವರಿಗೆ ಕಡೆಗೆ ನಾನು ಹೇಳಿದ್ದು ಇಷ್ಟು: ಬೇವಿನ ಎಣ್ಣೆ ಹೊಡೆದ ಮಾತ್ರಕ್ಕೆ ಪಾಪ ಕಡಿಮೆಯಾಗದು, ಅದನ್ನು ಹೊಡೆಯಲು ಬೇಕಾದ ಎಣಿಕೆ, ತಾಳ್ಮೆ, ಮಿತಿಗಳನ್ನು ಪಾಲಿಸಿದಷ್ಟು ಕಡಿಮೆಯಾದೀತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿತ್ಯದ ಷಡಾವಶ್ಯಕಗಳಲ್ಲಿ ಪ್ರತಿಕ್ರಮಣವೊಂದೇ ಅಲ್ಲ, ಪ್ರತ್ಯಾಖ್ಯಾನವೂ ಇದೆಯೆಂದು ನೆನಪಿಸಿದರು. ಆದ ತಪ್ಪಿಗೆ ಮರುಗುವುದು ಮೊದಲನೆಯದು, ಮುಂದೆ ಆಗಬಹುದಾದುದನ್ನು ಈಗಲೇ ಬಿಡುವೆನೆಂದು ನೇಮ ಹಿಡಿಯುವುದು ಎರಡನೆಯದು. ನನ್ನ ಮಾತಿಗಿಂತ ಅವರ ಮಾತು ಸೂಕ್ತವಾಗಿತ್ತು. ಏಕೆಂದರೆ ಬೇವಿನ ಹಣ್ಣು ಉದುರುವುದು ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ, ಕೀಡಿಯು ಕಣ್ಣಿಗೆ ಬೀಳುವುದಕ್ಕೆ ಎರಡು ತಿಂಗಳು ಮೊದಲು. ಬಿತ್ತನೆಯ ಗಡಿಬಿಡಿಯ ನಡುವೆಯೇ ಅದನ್ನು ಆರಿಸಿ, ತಿರುಳಿಗೆ ಬೂಸರು ಹಿಡಿಯದಂತೆ ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳದವನಿಗೆ ಭಾದ್ರಪದದಲ್ಲಿ ಅಂಗಡಿಯ ಶೀಶೆಯೊಂದೇ ಗತಿ.